ತೋರಿಸದ ತಟ್ಟೆ

ಬಸ್ಸು ಗುಂಡಿಗಿಳಿದಾಗಲೆಲ್ಲ ಪೀಟರನ ಕೈ ಮೊದಲು ತೊಡೆಯ ಮೇಲಿನ ಚೀಲಕ್ಕೆ ಹೋಗುತ್ತಿತ್ತು, ಆಮೇಲೆ ಎದೆಯ ಜೇಬಿಗೆ. ಈ ಕ್ರಮ ತಪ್ಪೆಂದು ಅವನಿಗೆ ಗೊತ್ತಿತ್ತು. ಜೇಬಿನ ಹಿತ್ತಾಳೆ ಡಬ್ಬಿಯಲ್ಲಿ ಬೆಳಗಿನ ಪೂಜೆಯಲ್ಲಿ ಪವಿತ್ರಗೊಂಡ ಪರಮಪ್ರಸಾದವಿತ್ತು. ಬಿಳಿಯ, ತೆಳ್ಳನೆಯ, ರೂಪಾಯಿಯಗಲದ ರೊಟ್ಟಿಗಳು, ಅವನ ಧರ್ಮದ ಪ್ರಕಾರ ಸಾಕ್ಷಾತ್ ಕ್ರಿಸ್ತರ ದೇಹ. ಚೀಲದಲ್ಲಿದ್ದದ್ದು ಟೇಪು ಸುತ್ತಿದ ಒಂದು ಪೆಟ್ರಿ ತಟ್ಟೆ, ಸೂಕ್ಷ್ಮಜೀವಿ ಬೆಳೆಸುವ ಮುಚ್ಚಳದ ತಟ್ಟೆ. ಅದರೊಳಗಿನ ಅಗರ್ ಎಂಬ ಗಟ್ಟಿ ಲೋಳೆಯ ಮೇಲೆ ಬೆಳೆದ ನಲವತ್ತೊಂದು ಚುಕ್ಕೆಗಳು. ಡಬ್ಬಿ ಬೋರಲಾಗದಂತೆ, ತಟ್ಟೆ ಬೋರಲಾಗಿಯೇ ಇರುವಂತೆ ನೋಡಿಕೊಳ್ಳಬೇಕಿತ್ತು. ಎರಡರಲ್ಲಿ ಯಾವುದು ಕೆಟ್ಟರೆ ಹೆಚ್ಚು ಮರುಗುತ್ತೇನೆ ಎಂಬ ಪ್ರಶ್ನೆಯನ್ನು ಅವನು ಕೇಳಿಕೊಂಡಿರಲಿಲ್ಲ. ಹುಮನಾಬಾದ ರಸ್ತೆಯ ಪ್ರತಿ ಗುಂಡಿಯಲ್ಲೂ ಕೈಯೇ ಉತ್ತರ ಹೇಳುತ್ತಿತ್ತು.

ಅದು ಹಂದಿಜ್ವರದ ವರ್ಷ, ಎರಡು ಸಾವಿರದ ಒಂಬತ್ತು. ಆಗಸ್ಟಿನಲ್ಲಿ ಪುಣೆಯ ಸಾವುಗಳ ಸುದ್ದಿ ಬಂದ ಮೇಲೆ, ಪುಣೆಯ ರೈಲುಗಳು ನಿಲ್ಲುವ ಕಲಬುರಗಿಯಲ್ಲಿ ಸ್ಟೇಶನ್ ಬಜಾರದ ಲಾಡ್ಜಿನವರು ಕೂಡ ಕೆಮ್ಮುವವರನ್ನು ಕಂಡರೆ ಕೋಣೆ ಖಾಲಿ ಇಲ್ಲ ಎನ್ನತೊಡಗಿದ್ದರು. ಈಗ ಸೆಪ್ಟೆಂಬರಿನ ಕೊನೆಯ ಭಾನುವಾರ. ಧರ್ಮಕೇಂದ್ರದ ಗುರುಗಳಾದ ಫಾದರ್ ಲಿಗೋರಿಯವರಿಗೆ ಶುಕ್ರವಾರದಿಂದ ನೆಗಡಿ. ನೆಗಡಿ ಎಂದರೆ ಒಟ್ಟು ಎರಡು ಸೀನು; ಆದರೆ ಅವರು ಮೂಗಿಗೆ ಟವೆಲು ಹಿಡಿದೇ ಬೆಳಗಿನ ಪೂಜೆ ಮುಗಿಸಿ, ಕಮಲಾಪುರದ ಉಪಕೇಂದ್ರಕ್ಕೆ ಪೀಟರನನ್ನು ಕಳಿಸಿದ್ದರು. ಗುರುವಿಲ್ಲದಾಗ ಪ್ರಸಾದ ಹಂಚಲು ಬಿಷಪ್ಪರ ಅಪ್ಪಣೆ ಪಡೆದ ಗೃಹಸ್ಥ ಧರ್ಮಕೇಂದ್ರದಲ್ಲಿ ಅವನೊಬ್ಬನೇ. "ಪ್ರೊಫೆಸರ್, ನಿಮ್ಮ ಊರಿನವರು ಐದು ಭಾನುವಾರದಿಂದ ಪ್ರಸಾದಕ್ಕೆ ಕೂತಲ್ಲಿಂದ ಏಳುವುದಿಲ್ಲ," ಎಂದಿದ್ದರು ಫಾದರ್, ಮಾರು ದೂರ ನಿಂತು. "ಪ್ರಸಾದ ಬೇಡದವರಿಗೆ ಪ್ರಾರ್ಥನಾಲಯ ಎಂತಕ್ಕೆ? ಇವತ್ತೂ ತೆಗೆದುಕೊಳ್ಳದಿದ್ದರೆ ಬೀಗ ಹಾಕಿ ಬೀಗದಕೈ ತನ್ನಿ. ರೋಗ ಹೋದ ಮೇಲೆ ನೋಡುವ." ಆ 'ನೋಡುವ' ಏನೆಂದು ಪೀಟರನಿಗೆ ಗೊತ್ತಿತ್ತು. ಕಚೇರಿಯ ಹಲಗೆಯ ಮೊಳೆಗಳಿಗೆ ಇನ್ನೆರಡು ಹಳ್ಳಿಗಳ ಬೀಗದಕೈಗಳು ತುಕ್ಕು ಹಿಡಿದು ತೂಗುತ್ತಿದ್ದವು. ಕಮಲಾಪುರದ ಪ್ರಾರ್ಥನಾಲಯದ ಗೋಡೆಗೆ ಅವನ ಅಪ್ಪ ದತ್ತಪ್ಪ ಕಲ್ಲು ಹೊತ್ತಿದ್ದ. ಹಾಗಿದ್ದೂ ಬೀಗದಕೈ ಎಂಬ ಮಾತು ಕಿವಿಗೆ ಬಿದ್ದಾಗ ಪೀಟರನಿಗೆ ಮೊದಲು ಕೇಳಿಸಿದ್ದು ಅದರ ಹಿಂದಿನ 'ಪ್ರೊಫೆಸರ್'. ಅವನು ಮಹಿಳಾ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಲೆಕ್ಚರರ್ ಅಷ್ಟೇ. ಹನ್ನೊಂದು ವರ್ಷದಿಂದ ಫಾದರರ ತಪ್ಪನ್ನು ತಿದ್ದಿರಲಿಲ್ಲ.

ಪಕ್ಕದ ಸೀಟಿನ ಮುದುಕ ಮಹಾಗಾಂವ ಕ್ರಾಸು ದಾಟುವ ತನಕ ಪೀಟರನ ಮುಖದ ಮೇಲಿನ ಕರವಸ್ತ್ರವನ್ನೇ ನೋಡುತ್ತಿದ್ದ. ಆಮೇಲೆ, ತಾನು ಮೋಮಿನಪುರದ ಫಕ್ರುದ್ದೀನ್, ಬಾಳೆಹಣ್ಣಿನ ಗೊನೆ ನೋಡಲು ಹೊರಟವ ಎಂದು ಹೇಳಿಕೊಂಡು, "ಪೂನಾದಿಂದ ಬಂದೀರೇನ್ರಿ ಸಾಬ್?" ಎಂದ.

"ಇಲ್ರಿ. ಮುಂಜಾಗ್ರತೆ."

"ಹಂಗಾದ್ರ ಫಿಕರ್ ಇಲ್ಲ. ಪೂನಾದವರಿದ್ರ ಎದ್ದು ಆ ಕಡಿ ಕೂಡ್ತಿದ್ದೆ. ಬರೇ ಅಂಜಿದವರ ಬಾಜೂಕ ಕುಂತ್ರ ಏನೂ ಹತ್ತಂಗಿಲ್ಲ." ಮುದುಕ ತನ್ನ ಮಾತಿಗೆ ತಾನೇ ನಕ್ಕು ಕೇಳಿದ: "ಕಮಲಾಪುರದಾಗ ಯಾರ ಮನಿಗ್ರಿ?"

"ಕೆಲಸ ಅದ."

"ಗೌಡ್ರ ಮನಿಗೇನು?"

"ಹೂಂ," ಎಂದ ಪೀಟರ್.

ಬಟ್ಟೆಯ ಹಿಂದಿನಿಂದ ಹೇಳಿದ 'ಹೂಂ' ಪೂರ್ತಿ ಸುಳ್ಳಾಗುವುದಿಲ್ಲ ಎಂಬಂತೆ ಅವನು ಕಿಟಕಿಯತ್ತ ತಿರುಗಿದ. ನಲವತ್ತೈದು ವರ್ಷದವನು, ಪಿಎಚ್.ಡಿ. ಆದವನು, ಸೇಡಂ ರಸ್ತೆಯ ಬಡಾವಣೆಯಲ್ಲಿ ಗೇಟಿಗೆ ಹೆಸರಿನ ಫಲಕ ಹಾಕಿಸಿಕೊಂಡವನು ಬಾಳೆಹಣ್ಣಿನ ವ್ಯಾಪಾರಿಯೊಬ್ಬನಿಗೆ ತಾನು ಹುಟ್ಟಿದ ಓಣಿಯ ಹೆಸರು ಹೇಳಲಾರದೆ ಹೋದ. ಹೇಳಿದ್ದರೆ ಆ ಮುದುಕ ಏನೂ ಅನ್ನುತ್ತಿರಲಿಲ್ಲ, 'ಹಾಂ, ಅಲ್ಲೇನು' ಎಂದು ವೀಳ್ಯ ಅಗಿಯುತ್ತಿದ್ದ. ಅದೂ ಗೊತ್ತಿತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ತನ್ನಲ್ಲಿ ಯಾವ ನರವೂ ಇಲ್ಲವೇನೋ ಎಂದು ಅವನು ಯೋಚಿಸಿದ. ಕಪ್ಪೆಯ ನರ ಕತ್ತರಿಸಿ ಬಿ.ಎಸ್ಸಿ. ಹುಡುಗಿಯರಿಗೆ ತೋರಿಸುತ್ತಿದ್ದ ಪ್ರಾಣಿಶಾಸ್ತ್ರದ ಸಹೋದ್ಯೋಗಿಯ ಮೇಜು ನೆನಪಾಯಿತು. ಕಪ್ಪೆಗೆ ನೋವಾಗುತ್ತದೆ, ಕಾಲು ಮಾತ್ರ ಅಲ್ಲಾಡುವುದಿಲ್ಲ.

ಪಾಲನಾ ಸಮಿತಿಯ ಸಭೆ ಸೇರಿದ್ದು ಆಗಸ್ಟಿನ ಮೂರನೆಯ ವಾರ. ಕೈ ಕುಲುಕಿ ಶಾಂತಿ ಹೇಳುವುದು ಬೇಡ, ಬಾಗಿಲ ಬಳಿಯ ತೀರ್ಥದ ಬಟ್ಟಲು ಬರಿದು ಮಾಡಬೇಕು, ಇವೆಲ್ಲ ತಕರಾರಿಲ್ಲದೆ ಮುಗಿದವು. ಪ್ರಸಾದವನ್ನು ನಾಲಗೆಯ ಮೇಲೆ ಇಡುವುದೋ ಅಂಗೈಗೆ ಕೊಡುವುದೋ ಎಂಬಲ್ಲಿ ಮಾತು ನಿಂತಿತು. ಹತ್ತೂ ಜನ ಅವನ ಕಡೆ ನೋಡಿದರು. ಅವನು ಆಗ ಚೀಲದಿಂದ ತಟ್ಟೆ ತೆಗೆದ. ಕಮಲಾಪುರದಲ್ಲಿ ಇಪ್ಪತ್ತೆರಡು ನಾಲಗೆಗಳಿಗೆ ಪ್ರಸಾದ ಕೊಟ್ಟ ಮೇಲೆ ಫಾದರರ ಹೆಬ್ಬೆರಳು ತೋರುಬೆರಳುಗಳನ್ನು ಅಗರ್ ಮೇಲೆ ಒತ್ತಿಸಿ, ಮೂವತ್ತೇಳು ಡಿಗ್ರಿಯಲ್ಲಿ ಒಂದು ದಿನ ಇಟ್ಟು ಬೆಳೆಸಿದ್ದು ಎಂದು ವಿವರಿಸಿದ. ಹಳದಿ, ಬಿಳಿ, ಒಂದೆರಡು ಗುಲಾಬಿ ಚುಕ್ಕೆಗಳು. ಎರಡು ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಇವು ಬ್ಯಾಕ್ಟೀರಿಯಾ, ಜ್ವರದ್ದು ವೈರಸ್ಸು, ಅದು ಅಗರ್ ಮೇಲೆ ಬೆಳೆಯುವುದೇ ಇಲ್ಲ ಎಂಬುದನ್ನು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬ್ಯಾಂಕ್ ಮ್ಯಾನೇಜರರ ಹೆಂಡತಿ ಮಿಸೆಸ್ ಸಲ್ಡಾನ ತಟ್ಟೆಯನ್ನು ಮುಟ್ಟದೆಯೇ ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು. "ಕಮಲಾಪುರದವರದ್ದಾ? ನನಗೆ ಅನಿಸ್ತಿತ್ತು ಮಾರಾಯ್ರೆ. ಪಾಪ, ಅವರಿಗೆ ಹಲ್ಲುಜ್ಜುವ ಅಭ್ಯಾಸವೂ ಇರುವುದಿಲ್ಲ ಅಲ್ಲವಾ." ಆಮೇಲೆ ಪೀಟರನ ನೆನಪಾಗಿ, "ನಿಮ್ಮ ವಿಷಯ ಬೇರೆ, ಪ್ರೊಫೆಸರ್ರೇ," ಎಂದರು. ಅವನು ನಕ್ಕ. ಆ ನಗೆಯ ಆಕಾರ ತುಟಿಗಳಿಗೆ ಇನ್ನೂ ನೆನಪಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ಹಲ್ಲುಜ್ಜಿದ್ದ, ಹೊತ್ತಲ್ಲದ ಹೊತ್ತಿನಲ್ಲಿ.

ನಡಾವಳಿ ಬರೆದವನೂ ಅವನೇ. "ಪ್ರಸಾದವನ್ನು ಅಂಗೈಗೆ, ಬೆರಳು ತಾಗದಂತೆ ಮೇಲಿನಿಂದ ಬಿಡತಕ್ಕದ್ದು. ಕಮಲಾಪುರದಲ್ಲಿ ಕಡ್ಡಾಯ, ನಗರದಲ್ಲಿ ಅವರವರ ಭಕ್ತಿಗೆ ಬಿಟ್ಟದ್ದು." ನಗರದಲ್ಲಿ ಭಕ್ತಿ ಹೆಚ್ಚಾಗಿತ್ತು. ಮಿಸೆಸ್ ಸಲ್ಡಾನ ಈಗಲೂ ಮೊದಲ ಬೆಂಚಿನಿಂದ ಎದ್ದು ಬಂದು, ಕಣ್ಣು ಮುಚ್ಚಿ, ನಾಲಗೆ ಚಾಚುತ್ತಿದ್ದರು. ಟವೆಲಿನ ಫಾದರ್ ಆ ನಾಲಗೆಗೆ ಅಂಜುತ್ತಿರಲಿಲ್ಲ. ವಂಶಪಾರಂಪರ್ಯವಾಗಿ ಶುದ್ಧವಾದ ನಾಲಗೆಗಳ ಮೇಲೆ ರೋಗಾಣು ಕೂರುವುದಿಲ್ಲ ಎಂಬ ಒಂದು ಶಾಸ್ತ್ರ ಈ ನಾಡಿನಲ್ಲಿ ಯಾವ ಧರ್ಮಕ್ಕೆ ಸೇರಿದರೂ ಬೆನ್ನು ಬಿಡುವುದಿಲ್ಲ ಎಂದು ಪೀಟರ್ ಮನಸ್ಸಿನಲ್ಲೇ ಹಂಗಿಸುತ್ತಿದ್ದ. ಹಂಗಿಸುವುದರಲ್ಲಿ ಒಂದು ಸುಖವಿತ್ತು. ಆ ಸುಖದ ಮರೆಯಲ್ಲಿ ಎರಡನೆಯ ತಟ್ಟೆ ಕಾಣುತ್ತಿರಲಿಲ್ಲ.

ಎರಡನೆಯ ತಟ್ಟೆಯೊಂದಿತ್ತು. ಕಮಲಾಪುರದ ಮರು ಭಾನುವಾರವೇ, ನಗರದ ಪೂಜೆಯಲ್ಲಿ, ಅದೇ ಫಾದರರ ಅದೇ ಎರಡು ಬೆರಳುಗಳನ್ನು, ಮೊದಲ ಇಪ್ಪತ್ತೆರಡು ಜನ ಮುಗಿದ ತಕ್ಷಣ ಅವನು ಅಗರ್‌ಗೆ ಒತ್ತಿಸಿದ್ದ. ಅಷ್ಟು ಎಚ್ಚರ ಅವನಿಗಿತ್ತು. ಹೋಲಿಕೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ. ಮರುದಿನ ಎಣಿಸಿದಾಗ ಅರವತ್ತಮೂರು ಬಂತು. ಮತ್ತೊಮ್ಮೆ ಎಣಿಸಿದ. ಮೂರನೆಯ ಸಲ, ತಟ್ಟೆಯ ಬೆನ್ನಿಗೆ ಪೆನ್ನಿನಿಂದ ಒಂದೊಂದೇ ಗುರುತು ಹಾಕುತ್ತ ಎಣಿಸಿದ. ಆಮೇಲೆ ಆಟೋಕ್ಲೇವಿನ ಹಬೆಗೆ ಹಾಕಿ ಹದಿನೈದು ನಿಮಿಷ ಬೇಯಿಸಿ, ತೊಟ್ಟಿಗೆ ಎಸೆದ. ಬೆಳಗಿನ ತಂಪಿಗೂ ಮಧ್ಯಾಹ್ನದ ಸೆಕೆಗೂ ವ್ಯತ್ಯಾಸ, ಫಾದರ್ ನಡುವೆ ಪುಸ್ತಕದ ಹಾಳೆ ತಿರುವಿದ್ದರು, ಹೋಲಿಕೆಗೆ ಯೋಗ್ಯವಲ್ಲ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆಯಲು ಹೋಗಿ, ಬರೆಯದೆಯೇ ಮುಚ್ಚಿದ. ಹೋದ ವರ್ಷ ಗುಲ್ಶನ್ ಎಂಬ ವಿದ್ಯಾರ್ಥಿನಿ ಒಂದೇ ತಟ್ಟೆ ಹಿಡಿದು ಪ್ರಾಜೆಕ್ಟ್ ಒಪ್ಪಿಸಲು ಬಂದಾಗ ಇಡೀ ತರಗತಿಯ ಮುಂದೆ, "ಕಂಟ್ರೋಲ್ ಎಲ್ಲಿ, ಹೋಲಿಕೆಯ ತಟ್ಟೆ? ಇದು ವಿಜ್ಞಾನವೋ ಚಾಡಿಯೋ?" ಎಂದು ಕೇಳಿದ್ದ. ಹುಡುಗಿ ಅತ್ತಿದ್ದಳು. ಸೊನ್ನೆ ಕೊಟ್ಟಿದ್ದ. ಚಾಡಿ ಎಂಬ ಮಾತು ಅಂದು ತನಗೆ ಹೊಳೆದದ್ದಕ್ಕೆ ಒಳಗೊಳಗೇ ಹಿಗ್ಗಿದ್ದ.

ಆದರೆ ನಿಯಮ ಸರಿಯಾಗಿಯೇ ಇತ್ತು. ಬಸ್ಸಿನಿಂದಿಳಿದು, ಫಕ್ರುದ್ದೀನನಿಗೆ ಕಾಣದಿರಲೆಂದು ಗೌಡರ ಮನೆಯ ದಿಕ್ಕಿಗೆ ನೂರು ಹೆಜ್ಜೆ ನಡೆದು, ಆಮೇಲೆ ಸುತ್ತು ಹಾಕಿ ಓಣಿಗೆ ತಿರುಗುವಾಗ ಅವನು ಇದನ್ನೇ ಹಿಡಿದುಕೊಂಡಿದ್ದ. ಬೆರಳು ನಾಲಗೆಗೆ ತಾಗಿದರೆ ಜೊಲ್ಲು ದಾಟುತ್ತದೆ, ಜೊಲ್ಲಿನ ಜೊತೆ ರೋಗ ದಾಟುತ್ತದೆ. ಪುರಾವೆ ಸುಳ್ಳಾದರೂ ತೀರ್ಮಾನ ನಿಜ. ನಿಜದ ಸಲುವಾಗಿ ಹೇಳಿದ ಸುಳ್ಳು ಎಂದು ಅಂದುಕೊಂಡಾಗ ಎದೆ ಹಗುರವಾಗಬೇಕಿತ್ತು, ಆಗಲಿಲ್ಲ.

ಪ್ರಾರ್ಥನಾಲಯದ ಕಟ್ಟೆಯ ಮೇಲೆ ಉಪದೇಶಿ ಭೀಮಶಾ ಕೂತಿದ್ದ. ಫಾದರಿಲ್ಲದ ದಿನಗಳಲ್ಲಿ ಜಪ ಹೇಳಿಸುವ, ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಕೆಲಸ ಅವನದು. ಮಿಷನ್ ಬೋರ್ಡಿಂಗಿನಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಗೋಧಿ ನುಚ್ಚು ಉಂಡವರು. ಎಸ್ಸೆಸ್ಸೆಲ್ಸಿಯಲ್ಲಿ ಭೀಮಶಾ ಮೂರು ಸಲ ನಪಾಸಾದ.

"ಬರ್ರಿ ಪೀಟರ್ ಸಾಹೇಬ್ರ. ಮಾರಿ ಬಿಚ್ಚರಿ, ಗುರ್ತು ಹತ್ತವಲ್ದು."

"ಚ್ಯಾಷ್ಟಿ ಸಾಕೋ ಭೀಮ್ಯಾ. ಎಲ್ಲಾರೂ ಬಂದಾರ?"

"ಬಂದಾರ. ಬರೋದಕ್ಕ ಏನು, ಐದ ವಾರನೂ ಬಂದಾರ. ಏಳೋದೊಂದೇ ಇಲ್ಲ." ಭೀಮಶಾ ಸೊಂಟದ ದಾರದಲ್ಲಿದ್ದ ಬೀಗದಕೈಯನ್ನು ಬೆರಳಿಗೆ ಸುತ್ತುತ್ತಿದ್ದ. "ಇದನ್ನ ಒಯ್ಯಾಕ ಬಂದೀರಂತ ಸುದ್ದಿ ಅದ. ಖರೇನು?"

"ಅವರು ಪ್ರಸಾದ ತಗೊಂಡ್ರ ಒಯ್ಯಂಗಿಲ್ಲ."

"ತಗೊಳ್ಳಾಕ ಕಸ್ತೂರಿ ಆಯಿ ಏಳಬೇಕು. ಆಯಿ ಎದ್ರ ಎಲ್ಲಾರೂ ಏಳ್ತಾರ. ನನ್ನ ಮಾತು ನನ್ನ ಹೆಂಡ್ತೀನೇ ಕೇಳಂಗಿಲ್ಲ, ನೀವ್ ಓದಿದವರು, ನೋಡ್ರಿ."

ಒಳಗೆ ಹತ್ತು ಹೆಜ್ಜೆ ಉದ್ದದ ಕೋಣೆ. ನೆಲದ ಮೇಲೆ ಜಮಖಾನ, ಒಂದು ಕಿಟಕಿ, ಮರಿಯಮ್ಮನವರ ಪ್ರತಿಮೆ, ಮೇಜಿನ ಬಲಿಪೀಠ. ಇಪ್ಪತ್ತಕ್ಕೂ ಮಿಕ್ಕಿ ಜನ ಗಂಡಸರೊಂದು ಕಡೆ ಹೆಂಗಸರೊಂದು ಕಡೆ ಕೂತಿದ್ದರು. ಅವನು ಕರವಸ್ತ್ರ ಬಿಚ್ಚಿ, ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಪ್ರಾರ್ಥನೆ ಶುರುಮಾಡಿದ. ಭೀಮಶಾ ವಾಚನ ಓದಿದ. ಪೀಟರನ ನಗರದ ಕನ್ನಡ ಈ ಗೋಡೆಗಳಿಗೆ ತಾಗಿ ಬೇರೆ ಯಾರದೋ ಆಗಿ ವಾಪಸು ಬರುತ್ತಿತ್ತು. ಎಂಟು ವರ್ಷದವನಿದ್ದಾಗ ಇದೇ ನೆಲದ ಮೇಲೆ ಕೂತು, ಬರಗಾಲದ ಹಾಲಿನ ಪುಡಿಯ ರುಚಿ ಬಾಯಲ್ಲಿರುವಾಗಲೇ, ಸ್ವರ್ಗ ಎಂದರೆ ಒಣ ಹಾಲಿನ ಪುಡಿಯನ್ನು ನೀರು ಬೆರೆಸದೆ ತಿನ್ನಲು ಬಿಡುವ ಜಾಗ ಎಂದು ತೀರ್ಮಾನಿಸಿದ್ದ. ಹಾಲಿನ ಪುಡಿಗೆ ಜಾತಿ ಬಿಟ್ಟವರು ಎಂದು ಊರವರು ಅನ್ನುತ್ತಿದ್ದರು. ಓದು ಬಂದ ಮೇಲೆ ಅವನೂ ಹಾಗೇ ಅಂದುಕೊಂಡಿದ್ದ. ಸ್ವಲ್ಪ ಹೆಚ್ಚು ವ್ಯಾಕರಣಬದ್ಧವಾಗಿ.

ಪ್ರಭುವಿನ ಪ್ರಾರ್ಥನೆ ಮುಗಿಯಿತು. ಅವನು ಡಬ್ಬಿ ತೆರೆಯದೆ ಮಾತಿಗೆ ನಿಂತ. ಜ್ವರದ ಬಗ್ಗೆ ಹೇಳಿದ, ಜೊಲ್ಲಿನ ಬಗ್ಗೆ ಹೇಳಿದ, ಬಸುರಿಯರಿಗೆ ಇದು ಬಹಳ ಕೆಟ್ಟದ್ದು ಎಂದು ಹೇಳಿದ. ಭೀಮಶಾನ ಸೊಸೆ ಶೇವಂತಾ ಏಳು ತಿಂಗಳ ಬಸುರಿ, ಗೋಡೆಗೊರಗಿ ಕೂತಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ತಲೆಯಾಡಿಸಿದರು. ಯಾರೂ ಅವನ ಕಡೆ ನೋಡಲಿಲ್ಲ, ಕಸ್ತೂರಿಬಾಯಿಯ ಕಡೆ ನೋಡಿದರು.

ಅವಳಿಗೆ ಎಪ್ಪತ್ತೈದಾಗಿರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯಿಟ್ಟುಕೊಂಡು ಈ ಊರಿನ ಕೆಂಪು ಬಾಳೆಹಣ್ಣು ಮಾರಿ ಬೆನ್ನು ಬಾಗಿಸಿಕೊಂಡವಳು. "ರಾಯಾ," ಎಂದಳು. ಪೀಟರನಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ರಾಯಪ್ಪ. ಅದು ಪೀಟರ್ ಎಂಬುದರ ಕನ್ನಡ ರೂಪವೇ ಆದರೂ ನಗರದಲ್ಲಿ ಯಾರಿಗೂ ಗೊತ್ತಿರಲಿಲ್ಲ. "ರೋಗದ ಮಾತು ಖರೇ ಅದ. ನಾ ಅದಕ್ಕ ಇಲ್ಲ ಅನ್ನಂಗಿಲ್ಲ. ಆದ್ರ ನೀವು ಮ್ಯಾಲಿಂದ ಬಿಡ್ತೀರಿ."

"ಕೈ ಹತ್ತಬಾರದಂತ ಆಯಿ."

"ಗೊತ್ತದ, ಹತ್ತಬಾರದಂತ. ನಾ ಸಣ್ಣಾಕಿ ಇದ್ದಾಗೂ ಹತ್ತಬಾರದಂತನ ಬಿಡ್ತಿದ್ರು. ಬಾವಿ ಕಟ್ಟಿ ಕೆಳಗ ಬೊಗಸಿ ಹಿಡದು ಕುಂಡರಬೇಕು. ಬಿಟ್ರ ಕುಡಿಬೇಕು, ಇಲ್ಲಂದ್ರ ಇಲ್ಲ." ಅವಳ ದನಿಯಲ್ಲಿ ದೂರಿರಲಿಲ್ಲ, ಹಣ್ಣಿನ ದರ ಹೇಳುವವಳ ದನಿ. "ಬರಗಾಲದಾಗ ಆ ಬಿಳಿ ಫಾದರ್ ಬಂದಿದ್ನಲ್ಲ, ಅಂವ ಮೊದಲ ಸಲ ನನ್ನ ನಾಲಿಗಿ ಮ್ಯಾಲ ಇಟ್ಟ. ಅಂವನ ಕೈಬಟ್ಟ ನನ್ನ ನಾಲಿಗಿಗಿ ಹತ್ತಿತು. ನಾ ಕಣ್ಣ ಮುಚ್ಚಲಿಲ್ಲ. ಅಂವ ಕೈ ಒರಸ್ತಾನೇನಂತ ನೋಡಿದೆ. ಒರಸಲಿಲ್ಲ. ಅದೇ ಕೈಲೆ ನಿಮ್ಮಪ್ಪಗ ಕೊಟ್ಟ. ನನ್ನ ಧರ್ಮ ಅಷ್ಟೇ ನೋಡು. ಬಾಕಿದ್ದು ಭೀಮಶಾಗ ಬಾಯಿಪಾಠ ಬರ್ತದ."

"ನನಗೂ ಪೂರಾ ಬರಂಗಿಲ್ಲ," ಎಂದ ಭೀಮಶಾ. ಯಾರೋ ನಕ್ಕರು.

ಕಸ್ತೂರಿಬಾಯಿ ಹೇಳಿದ್ದು ಕೇಳಿ ಕಣ್ಣು ತುಂಬಬೇಕಾದ ಜಾಗದಲ್ಲಿ ಪೀಟರನಿಗೆ ಸಿಟ್ಟು ಬಂತು. ಇಷ್ಟು ಸಣ್ಣ ಕಾರಣಕ್ಕೆ, ಮೂವತ್ತೇಳು ವರ್ಷದ ಹಿಂದಿನ ಒಂದು ಬೆರಳಿಗೆ, ತನ್ನನ್ನು ಸಮಿತಿಯ ಮುಂದೆ ಬರಿಗೈಯಲ್ಲಿ ನಿಲ್ಲಿಸುತ್ತಾಳಲ್ಲ ಎಂದು. 'ನನಗೆ ಬಿಡಿ, ಅವರು ನನ್ನ ಜನ' ಎಂದು ಸಮಿತಿಯಲ್ಲಿ ಹೇಳಿ ಬಂದಿದ್ದ. ಜನ ಎಂಬ ಮಾತನ್ನು ಅವನು ಬಳಸಿದ್ದು ಅದೇ ಮೊದಲು, ಅದೂ ಮಿಸೆಸ್ ಸಲ್ಡಾನರಿಗೆ ಕೇಳಿಸಲಿ ಎಂದು. ಅವನು ಚೀಲಕ್ಕೆ ಕೈ ಹಾಕಿ ತಟ್ಟೆ ತೆಗೆದ.

"ನೋಡ್ರಿ," ಎಂದ. "ಪ್ರಸಾದ ಕೊಟ್ಟ ಮ್ಯಾಲ ಫಾದರ್ ಕೈಬಟ್ಟಿಗಿ ಹತ್ತಿದ್ದು ಇದು. ಒಂದೊಂದು ಚುಕ್ಕಿ ಅಂದ್ರ ಲಕ್ಷಗಟ್ಲೆ ಕ್ರಿಮಿ."

ತಟ್ಟೆ ಕೈಯಿಂದ ಕೈಗೆ ಹೋಯಿತು. ಅದನ್ನು ಹಿಡಿದವರೆಲ್ಲ ಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು, ನೋಡಿ, ದಾಟಿಸುತ್ತಿದ್ದರು. ಗಂಡಸೊಬ್ಬ ಮುಚ್ಚಳದ ಮೇಲಿನ ಬರಹ ಓದಿದ: "ಕಮಲಾಪುರ." ಅದು ಪೀಟರನ ಅಕ್ಷರ, ಅಚ್ಚುಕಟ್ಟಾಗಿತ್ತು.

"ಇವು ನಮ್ಮ ಬಾಯಾಗಿನವೇನು?" ಎಂದಳು ಶೇವಂತಾ.

"ಹೌದು."

ಅವಳು ತಟ್ಟೆಯನ್ನು ಪಕ್ಕದವಳಿಗೆ ಕೊಟ್ಟು ಕೈಯನ್ನು ಸೀರೆಗೆ ಒರಸಿಕೊಂಡಳು. ಹಿಂದೆ ಕೂತ ಸೂಗಮ್ಮ ಎಂಬ ಹೆಂಗಸು ಸೆರಗಿನಿಂದ ತುಟಿ ತಿಕ್ಕಿದಳು. ಇನ್ನೊಬ್ಬಳು ಅದನ್ನು ನೋಡಿ ತಾನೂ ತಿಕ್ಕಿದಳು. ಸಾಲಿನಿಂದ ಸಾಲಿಗೆ ತುಟಿಗಳು ಬಿಗಿಯಾಗಿ ಮುಚ್ಚಿಕೊಳ್ಳುವುದನ್ನು ಪೀಟರ್ ಮೇಜಿನ ಹಿಂದಿನಿಂದ ನೋಡಿದ. ಮೊದಲು ಅನಿಸಿದ್ದು ಗೆದ್ದೆ ಎಂದು. ಅದು ಎಷ್ಟು ಬೇಗ ಅನಿಸಿತೆಂದರೆ, ಅದನ್ನು ತಡೆಯಬೇಕಾದ ಇನ್ನೊಂದು ಭಾವ ಬಂದು ತಲಪುವ ಹೊತ್ತಿಗೆ ತಡವಾಗಿತ್ತು.

ತಟ್ಟೆ ಕಸ್ತೂರಿಬಾಯಿಗೆ ಬಂತು. ಅವಳ ಕಣ್ಣಿಗೆ ಪೊರೆ. ಎದ್ದು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತಿರುಗಿ ನೋಡದೆಯೇ ಕೇಳಿದಳು: "ಕಲಬುರ್ಗಿದವರದು ಎಲ್ಲದ?"

"ಏನು?"

"ಅಲ್ಲೀ ಮಂದೀ ಬಾಯಿದು. ಅದೂ ಒಂದು ಬಟ್ಟಲ ಮಾಡಿರಬೇಕಲ್ಲ?"

ಹೊರಗೆ ಯಾರದೋ ಮೋಟಾರು ಸೈಕಲ್ಲು ಹೋಯಿತು. ಅರವತ್ತಮೂರು ಎಂಬ ಅಂಕಿ ಅವನ ನಾಲಗೆಯ ತುದಿಗೆ ಬಂದು ನಿಂತಿತು, ತಪ್ಪಿಲ್ಲದೆ, ಮೂರು ಸಲ ಎಣಿಸಿದ್ದು. ಹೇಳಿದರೆ ಏನಾಗುತ್ತದೆ ಎಂದು ಅವನು ಒಂದೊಂದಾಗಿ ನೋಡಿದ. ಇವರು ಏಳುವುದಿಲ್ಲ. ಬೀಗ ಬೀಳುತ್ತದೆ. ಅಥವಾ ಏಳುತ್ತಾರೆ, ನಾಲಗೆ ಚಾಚುತ್ತಾರೆ, ತಾನು ಅದರ ಮೇಲೆ ಇಡಬೇಕಾಗುತ್ತದೆ, ಸುದ್ದಿ ಸಂಜೆಯೊಳಗೆ ಫಾದರಿಗೆ ಮುಟ್ಟುತ್ತದೆ, ಎರಡನೆಯ ತಟ್ಟೆಯ ಸುದ್ದಿ ನಾಳೆಯೊಳಗೆ ಮಿಸೆಸ್ ಸಲ್ಡಾನರಿಗೆ. ಅವರ ನಾಲಗೆಯಲ್ಲಿ ಇಪ್ಪತ್ತೆರಡು ಚುಕ್ಕೆ ಹೆಚ್ಚು ಎಂಬುದನ್ನು ಅವರು ಯಾವತ್ತೂ ಕ್ಷಮಿಸಲಾರರು. ಈ ಲೆಕ್ಕದಲ್ಲೆಲ್ಲೂ ಶೇವಂತಾ ಇರಲಿಲ್ಲ, ಅವಳ ಹೊಟ್ಟೆಯ ಕೂಸು ಇರಲಿಲ್ಲ. ಆಮೇಲೆ, ಸುಳ್ಳಿಗೆ ಒಳ್ಳೆಯ ಕಾರಣ ಬೇಕಾದಾಗ, ಅವರಿಬ್ಬರೂ ಬಂದು ಸೇರಿಕೊಂಡರು.

"ಅದು ಮಾಡಿಲ್ಲ ಆಯಿ," ಎಂದ.

"ಯಾಕ?"

"ಅಲ್ಲಿ ಮಂದಿ ಭಾಳ. ಲೆಕ್ಕ ತಾಳಿ ಹತ್ತಂಗಿಲ್ಲ."

"ನಾ ಹಣ್ಣ ಮಾರಿದಾಕಿ. ಒಂದ ತಟ್ಟೀ ತಕ್ಕಡಿ ತಂದಂವನ್ನ ನಮ್ಮ ಬಜಾರದಾಗ ನಿಂದರಗೊಡಂಗಿಲ್ಲ." ಅವಳು ಈಗ ತಿರುಗಿ ಅವನ ಮುಖ ನೋಡಿದಳು. ಪೊರೆಗಣ್ಣಿಗೆ ಎಷ್ಟು ಕಂಡಿತೋ. "ಆದ್ರ ನೀ ದತ್ತಪ್ಪನ ಮಗ. ನಿನಗ ನಮ್ಮ ಮ್ಯಾಲ ಸುಳ್ಳ ಹೇಳಿ ಆಗೋದೇನದ."

ಅದು ಪ್ರಶ್ನೆಯೋ ನಂಬಿಕೆಯೋ ಅವನಿಗೆ ತಿಳಿಯಲಿಲ್ಲ. ಅವಳು ಉತ್ತರಕ್ಕೆ ಕಾದಳು. ಅವನು ಬಿಳಿ ಬಟ್ಟೆಯ ಅಂಚು ಸರಿಮಾಡಿದ. ಆಗ ಅವಳು ಶೇವಂತಾಳ ಹೊಟ್ಟೆಯ ಕಡೆ ನೋಡಿ, "ಈ ಕೂಸಿಗಿ ನಮ್ಮ ಬಾಯಿಂದ ಏನಾರ ಆದ್ರ ನನಗ ಬ್ಯಾಡವಾ," ಎಂದು ತಟ್ಟೆಯನ್ನು ಮೇಜಿನ ಮೇಲೆ, ಡಬ್ಬಿಯ ಪಕ್ಕದಲ್ಲಿ ಇಟ್ಟಳು. "ಕೊಡು."

ಜಮಖಾನದ ಮೇಲೆ ಎಲ್ಲರೂ ಎದ್ದು ನಿಲ್ಲುವ ಸದ್ದಾಯಿತು. ಭೀಮಶಾ ಬೀಗದಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ.

ಪೀಟರ್ ಕೈಗೆ ಕ್ರಿಮಿನಾಶಕ ದ್ರಾವಣ ಹಾಕಿಕೊಂಡು ಉಜ್ಜಿ, ಡಬ್ಬಿ ತೆರೆದು, ಮೊದಲ ರೊಟ್ಟಿಯನ್ನು ಎತ್ತಿ ಹಿಡಿದ. ಅಂಗೈಗೆ ಪಡೆಯುವ ಕ್ರಮವನ್ನು ಬಿಷಪ್ಪರ ಕಚೇರಿಯವರು ಸುತ್ತೋಲೆಯಲ್ಲಿ ಚಿತ್ರಸಮೇತ ಕಳಿಸಿದ್ದರು: ಬಲಗೈ ಮೇಲೆ ಎಡಗೈ, ಎದೆಯ ಎತ್ತರಕ್ಕೆ, ಸಿಂಹಾಸನದಂತೆ. ಕಸ್ತೂರಿಬಾಯಿ ಹಾಗೆ ಹಿಡಿಯಲಿಲ್ಲ. ಎರಡು ಹೆಜ್ಜೆ ದೂರ ನಿಂತು, ಮೊಣಕಾಲು ಮಡಿಸಿ ತಗ್ಗಿ, ಕೈಗಳನ್ನು ಬೊಗಸೆ ಮಾಡಿ ಮೇಲೆತ್ತಿ, ತನ್ನ ಉಸಿರು ಪ್ರಸಾದ ಕೊಡುವವನಿಗೆ ತಾಗದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. "ಕ್ರಿಸ್ತರ ದೇಹ," ಎಂದ ಅವನು. "ಆಮೆನ್," ಎಂದಳು. ಅವನು ಬಿಟ್ಟ. ಹಗುರಾದ ರೊಟ್ಟಿ ನೇರ ಬೀಳದೆ ಸ್ವಲ್ಪ ತೇಲಿ ಬಿತ್ತು.

ಅವಳು ಅದನ್ನು ನೋಡುತ್ತ ನಿಂತಳು. ಪ್ರಸಾದವನ್ನು ಯಾರೂ ಕೈಯಲ್ಲಿ ಒಯ್ಯಕೂಡದು, ಹಂಚಿದವನ ಎದುರೇ ಸೇವಿಸಬೇಕು, ಅದೂ ಸುತ್ತೋಲೆಯಲ್ಲಿತ್ತು. "ಇಲ್ಲೇ ತಗೋಬೇಕು ಆಯಿ," ಎಂದ ಅವನು ಮೆಲ್ಲಗೆ.

"ನನ್ನ ಕೈಲೆ ದೇವರನ್ನ ಎತ್ತಿ ತಿಂದಿಲ್ಲ ಎಂದೂ. ತಡಿ." ಬೊಗಸೆಯನ್ನೇ ಬಾಯಿಗೆ ತಂದು ಹೀರಿಕೊಂಡಂತೆ ಬಾಯೊಳಗೆ ಹಾಕಿಕೊಂಡಳು. ಉಳಿದ ನಾಲ್ಕಾರು ಹಲ್ಲುಗಳ ನಡುವೆ ಅದು ಕರಗುವ ತನಕ ಅವನು ಕಾದ. ನುಂಗಿದಳು. ಗಂಟಲು ಏರಿ ಇಳಿಯಿತು. ಆಮೇಲೆ ಅವಳು ಬಾಯಿ ತೆರೆದು, ನಾಲಗೆಯನ್ನು ಹೊರಗೆ ಚಾಚಿ, ಹಾಗೇ ನಿಂತಳು.

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಕೈ ಮತ್ತೆ ಡಬ್ಬಿಯ ಕಡೆ ಹೋಯಿತು.

"ನುಂಗೀನಿ. ನೋಡು," ಎಂದಳು ಅವಳು, ನಾಲಗೆ ಒಳಗೆ ತೆಗೆದುಕೊಂಡು. "ಟಿ.ಬಿ. ಆದಾಗ ದವಾಖಾನಿ ಸಿಸ್ಟರ್ ಹಿಂಗೇ ನೋಡ್ತಿದ್ಲು. ಗುಳಿಗಿ ಕೊಟ್ಟು, ಬಾಯಿ ತೆಗಿ ಅಂತಿದ್ಲು. ಆರ ತಿಂಗಳ ತೋರಿಸೀನಿ." ಮತ್ತೆ ಚಾಚಿದಳು.

ಬೂದು ಗುಲಾಬಿ ನಾಲಗೆ, ನಡುವೆ ಸೀಳು, ಅಂಚಿಗೆ ಹಲ್ಲಿನ ಗುರುತು. ಬಾಯಿ ಮುಚ್ಚು ಆಯಿ, ಇದು ಬೇಡ ಎಂಬ ಮಾತೂ, ಅರವತ್ತಮೂರು ಎಂಬ ಅಂಕಿಯೂ ಒಟ್ಟಿಗೆ ಅವನ ಗಂಟಲಿಗೆ ಬಂದವು. ಎರಡರಲ್ಲಿ ಒಂದನ್ನು ಹೇಳಿದರೆ ಇನ್ನೊಂದೂ ಹೊರಗೆ ಬೀಳುತ್ತಿತ್ತು. "ಆತು," ಎಂದ.

ಅವಳ ಹಿಂದಿದ್ದದ್ದು ಭೀಮಶಾ. ಹೊಸ ಪದ್ಧತಿ ಬಂದಾಗ ಮೊದಲು ಕಲಿತು ಉಳಿದವರಿಗೆ ತೋರಿಸುವುದು ಉಪದೇಶಿಯ ಕೆಲಸ. ಬೊಗಸೆ ಒಡ್ಡಿದ, ತಿಂದ, ನುಂಗಿದ, ಬಾಯಿ ತೆರೆದ. ಅವನ ಕಣ್ಣಿನಲ್ಲಿ ಪೀಟರ್ ಹುಡುಕಿದ್ದು ಚೇಷ್ಟೆಯನ್ನು. ಇದ್ದಿದ್ದರೆ ಬೈದು ನಿಲ್ಲಿಸಬಹುದಿತ್ತು. ಇರಲಿಲ್ಲ. ಪಾಠ ಒಪ್ಪಿಸುವ ಬೋರ್ಡಿಂಗಿನ ಮುಖ ಇತ್ತು. "ನುಂಗಿ ಬಾಯಿ ತೋರಸಬೇಕಂತ, ರೋಗದ ಕಾಯ್ದೆ ಅದು," ಎಂದು ಭೀಮಶಾ ಸಾಲಿಗೆ ಹೇಳುತ್ತ ಹೋಗುವುದು ಪೀಟರನ ಕಿವಿಗೆ ಬಿತ್ತು. ಅವನು ಮುಂದಿನ ರೊಟ್ಟಿ ಎತ್ತಿದ್ದ. ಶೇವಂತಾ ಸೆರಗು ಸರಿಸಿ, ನಾಚುತ್ತ, ಸ್ವಲ್ಪವೇ ತೆರೆದಳು. ಒಬ್ಬ ಮುದುಕ ತಂಬಾಕಿನ ಕಲೆಗೆ ಮೊದಲೇ ಕ್ಷಮೆ ಕೇಳಿ ತೆರೆದ. ಒಂದೊಂದು ಬಾಯಿಯೂ ಮುಚ್ಚಿದಾಗ ಹೇಳಬಹುದಾಗಿದ್ದ ಒಂದು ಸಲ ಮುಗಿಯುತ್ತಿತ್ತು. ಮತ್ತು ಒಂದೊಂದು ಸಲ ಮುಗಿದಂತೆ ಮುಂದಿನದು ಕಷ್ಟವಾಗುತ್ತಿತ್ತು. ಕೋಣೆಯಲ್ಲಿ ಬೆಳಕು ಕಡಿಮೆ. ತನಗೆ ಗೊತ್ತಾಗದಂತೆಯೇ ತಾನು ಬಾಗಿ, ತಲೆ ಒಂದಿಷ್ಟು ಓರೆ ಮಾಡಿ, ಒಳಗೆ ಸರಿಯಾಗಿ ನೋಡತೊಡಗಿದ್ದೇನೆ ಎಂಬುದು ಏಳೆಂಟು ಜನ ದಾಟಿದ ಮೇಲೆ ಅವನಿಗೆ ತಿಳಿಯಿತು. ಕೆಲಸವನ್ನು ಕಾಟಾಚಾರಕ್ಕೆ ಮಾಡುವುದು ಅವನ ಸ್ವಭಾವದಲ್ಲಿರಲಿಲ್ಲ.

ಕೊನೆಯವಳು ಸೂಗಮ್ಮ. ಅಷ್ಟು ಹೊತ್ತೂ ತುಟಿ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡಿದ್ದಳು. ನುಂಗಿ, ಕಿಟಕಿಯ ಕಡೆ ಮುಖ ಮಾಡಿ ಬಾಯಿ ತೆರೆದಳು. ಅವನು ಏನೂ ಹೇಳದಿದ್ದದ್ದು ಕಂಡು ಅವಳಿಗೆ ಗಾಬರಿಯಾಯಿತು.

"ಕಾಣಸ್ತದೇನ್ರಿ ಸರ್? ಇನ್ನಾ ಜರಾ ತೆಗೀಲಿ?"

ಅವಳು ಇನ್ನಷ್ಟು ತೆರೆದಳು. ಪೀಟರ್ ಬಾಗಿ ನೋಡಿದ.